ವೇಗದ ಪುಟ್ಟ ಕಾರು: ಅದರ ಆಕರ್ಷಣೆಯೂ ಅದರ ಬೆಲೆಯೂ

ಮೋಟಾರು ಕಾರುಗಳಲ್ಲಿ ಹ್ಯಾಚ್‌ಬ್ಯಾಕ್ ಎಂಬ ಜಾತಿಯೊಂದುಂಟು. ಅದರಲ್ಲಿ ಸಾಮಾನಿಗೆಂದು ಹಿಂದಕ್ಕೆ ಚಾಚಿಕೊಂಡ ಬೇರೆ ಪೆಟ್ಟಿಗೆಯಿರುವುದಿಲ್ಲ. ಹಿಂಬದಿಯಲ್ಲಿ ಗಾಜಿನ ಸಮೇತ ಮೇಲಕ್ಕೆ ತೆರೆದುಕೊಳ್ಳುವ ಒಂದು ಬಾಗಿಲಿರುತ್ತದೆ. ಹಿಂದಿನ ಆಸನವನ್ನು ಮಡಿಸಿದರೆ ಅಕ್ಕಿಮೂಟೆಯಿಂದ ಹಿಡಿದು ಮಗುವಿನ ತೊಟ್ಟಿಲವರೆಗೆ ಏನನ್ನಾದರೂ ಒಳಗೆ ಸೇರಿಸಬಹುದು. ಇಂಥ ಸಾಧು ವಾಹನದೊಳಗೆ ಅದರ ಅಂತಸ್ತಿಗೆ ಮೀರಿದ ಎಂಜಿನ್ನೊಂದನ್ನು ಕೂರಿಸಿದರೆ ಹುಟ್ಟುವ ವಸ್ತುವನ್ನು ಇಂಗ್ಲಿಷರು 'ಹಾಟ್ ಹ್ಯಾಚ್' ಎಂದು ಕರೆಯುತ್ತಾರೆ. ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರ ಫೋನಿನ ಪರದೆಯ ಮೇಲೆ ಇಂಥ ಕಾರಿನ ಚಿತ್ರವಿರುವುದನ್ನು ನಾನು ಕಂಡಿದ್ದೇನೆ. ಕೆಲಸ ಸಿಕ್ಕಿದ ಕೂಡಲೆ ಸಾಲ ಮಾಡಿಯಾದರೂ ಅದನ್ನು ಕೊಳ್ಳುವುದೆಂದು ನಿಶ್ಚಯಿಸಿದವರೂ ಇದ್ದಾರೆ. ಹಾಗೆ ಕೊಳ್ಳುವುದು ಜಾಣತನವೆ ಎಂಬುದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಅರ್ಥಶಾಸ್ತ್ರದ ಪ್ರಶ್ನೆ. ಆದುದರಿಂದ ಕಲಾ ಕಾಲೇಜಿನ ಪತ್ರಿಕೆಯಲ್ಲಿ ಅದಕ್ಕೊಂದು ಸ್ಥಳವುಂಟೆಂದು ನಂಬಿದ್ದೇನೆ.

ಈ ಜಾತಿಯ ಮೊದಲನೆಯ ಕಾರು ಯಾವುದೆಂಬ ಬಗ್ಗೆ ವಾದವುಂಟು. ಫ್ರಾನ್ಸಿನ ಸಿಮ್ಕಾ ಕಂಪನಿಯವರು ತಮ್ಮ ೧೧೦೦ ಎಂಬ ಕಾರಿನ ಚುರುಕಾದ ಮಾದರಿಯೊಂದನ್ನು ೧೯೭೦ರ ದಶಕದ ಮೊದಲ ಭಾಗದಲ್ಲೇ ಮಾರಿದ್ದರು. ಆದರೆ ಹೆಸರು ನಿಂತದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಎಂಬುದಕ್ಕೆ. ಇಟಲಿಯ ಜುಜಾರೊ ರೂಪಿಸಿದ ಸಾಧಾರಣ ಗಾಲ್ಫ್ ಕಾರು ೧೯೭೪ರಲ್ಲಿ ಮಾರುಕಟ್ಟೆಗೆ ಬಂತು. ಹಿಂದಿನ ವರ್ಷದ ತೈಲದ ಬಿಕ್ಕಟ್ಟಿನಿಂದ ಯುರೋಪು ಇನ್ನೂ ಚೇತರಿಸಿಕೊಳ್ಳುತ್ತಿತ್ತು. ವೇಗದ ಕಾರೊಂದನ್ನು ಕಲ್ಪಿಸಿಕೊಳ್ಳಲು ಅದಕ್ಕಿಂತ ಕೆಟ್ಟ ಮುಹೂರ್ತ ದೊರೆಯುತ್ತಿರಲಿಲ್ಲ. ಆದರೂ ಕಂಪನಿಯ ಕೆಲವು ಮಂದಿ ಎಂಜಿನಿಯರುಗಳು, ಅಲ್ಫೋನ್ಸ್ ಲೋವೆನ್‌ಬರ್ಗ್ ಎಂಬವರ ಪ್ರೇರಣೆಯಿಂದ, ಮೇಲಿನವರ ಅಪ್ಪಣೆಗೆ ಕಾಯದೆ ಆ ಕೆಲಸಕ್ಕೆ ತೊಡಗಿದರು. ೧೯೭೫ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾರನ್ನು ಜನರಿಗೆ ತೋರಿಸಲಾಯಿತು. ೧೯೭೬ರಲ್ಲಿ ಮಾರಾಟ ಮೊದಲಾಯಿತು. ಐದು ಸಾವಿರ ಕಾರುಗಳು ಖರ್ಚಾದರೆ ಸಾಕೆಂಬುದು ಅವರ ಲೆಕ್ಕವಾಗಿತ್ತು. ಆ ಮೊದಲನೆಯ ಪೀಳಿಗೆಯೊಂದೇ ೪ ಲಕ್ಷ ೬೦ ಸಾವಿರಕ್ಕೂ ಮೇಲೆ ಮಾರಾಟವಾಯಿತು.

ಆ ಕಾರಿನ ತೂಕ ಸುಮಾರು ೮೧೦ ಕಿಲೋಗ್ರಾಂ. ೧.೬ ಲೀಟರಿನ ಎಂಜಿನ್. ಶಕ್ತಿ ೧೧೦ ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ ೧೮೨ ಕಿಲೋಮೀಟರ್. ಬೆಲೆ ೧೩,೮೫೦ ಮಾರ್ಕ್. ಹೊರಗಿನಿಂದ ನೋಡಿದರೆ ಮುಂದಿನ ಜಾಲರಿಯ ಸುತ್ತ ಒಂದು ಕೆಂಪು ಗೆರೆ, ಅಷ್ಟೆ. ಒಳಗೆ ಚೌಕುಳಿ ಬಟ್ಟೆಯ ಆಸನಗಳು, ಗೇರಿನ ಕಡ್ಡಿಯ ತುದಿಗೆ ಗಾಲ್ಫ್ ಚೆಂಡಿನಂಥ ಗುಂಡು. ಈ ಎರಡನ್ನೂ ಯೋಚಿಸಿದಾಕೆ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಮಹಿಳೆ. ಪಿಂಗಾಣಿಯ ಮೇಲೆ ಚಿತ್ರ ಬರೆಯುವುದನ್ನು ಕಲಿತಿದ್ದವರು. ಗಂಡಸರ ಆಟಿಕೆಯೆಂದು ಹೆಸರಾದ ವಸ್ತುವಿನ ಎರಡು ಪ್ರಸಿದ್ಧ ಗುರುತುಗಳು ಒಬ್ಬ ಹೆಂಗಸಿನ ಕೈಯಿಂದ ಬಂದವೆಂಬುದನ್ನು ನಮ್ಮ ಮಿತ್ರರು ಗಮನಿಸಬೇಕು.

ಇದರ ಆಕರ್ಷಣೆಯ ಮರ್ಮವೇನು? ಅದಕ್ಕೂ ಮೊದಲು ವೇಗದ ಸುಖ ಬೇಕಾದವನು ಇಬ್ಬರೇ ಕೂರಬಹುದಾದ, ಮಳೆ ಬಂದರೆ ಸೋರುವ, ಸಾಮಾನಿಗೆ ಎಡೆಯಿಲ್ಲದ ಕ್ರೀಡಾ ಕಾರನ್ನು ಕೊಳ್ಳಬೇಕಾಗಿತ್ತು. ಮನೆಗೊಂದು, ಮನಸ್ಸಿಗೊಂದು ಎಂದು ಎರಡು ಕಾರುಗಳನ್ನಿಡುವ ಶಕ್ತಿ ಸಾಹುಕಾರನಿಗೆ ಮಾತ್ರ. ಜಿಟಿಐ ಆ ಎರಡನ್ನೂ ಒಂದಾಗಿಸಿತು. ಸೋಮವಾರ ಕಚೇರಿ, ಸಂಜೆ ತರಕಾರಿಚೀಲ, ಭಾನುವಾರ ಬೆಟ್ಟದ ರಸ್ತೆ. ನಿಧಾನವಾಗಿ ನಡೆಸಿದರೆ ಮಿತವಾಗಿಯೇ ಪೆಟ್ರೋಲು ಕುಡಿಯುತ್ತದೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಹೇಗೂ ಕೊಳ್ಳಲೇಬೇಕಾದ ಅವಶ್ಯಕ ವಸ್ತುವಿನ ಮೇಲೆ ಸ್ವಲ್ಪವೇ ಹೆಚ್ಚು ಕೊಟ್ಟು ವಿಲಾಸವನ್ನೂ ಪಡೆದಂತಾಯಿತು. ಆ 'ಸ್ವಲ್ಪವೇ' ಎಂಬ ಮಾತಿನ ಮೇಲೆ ಇಡೀ ವಾದ ನಿಂತಿದೆ.

ಇನ್ನು ಎಂಜಿನ್ನಿನ ಶಕ್ತಿಯಿಂದ ಸುರಕ್ಷತೆಯೂ ಉಂಟೆಂದು ಹೇಳುವವರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬಸ್ಸೊಂದನ್ನು ಎರಡೇ ಸಾಲಿನ ರಸ್ತೆಯಲ್ಲಿ ಹಿಂದೆ ಹಾಕಬೇಕೆನ್ನೋಣ. ಬಸ್ಸಿಗಿಂತ ೫೦ ಮೀಟರಿನಷ್ಟು ಹೆಚ್ಚು ದೂರ ಕ್ರಮಿಸಬೇಕು. ದುರ್ಬಲವಾದ ಕಾರು ಸರಾಸರಿ ೬೫ರ ವೇಗವನ್ನು ಮುಟ್ಟಿದರೆ ೧೨ ಸೆಕೆಂಡು ಎದುರು ಸಾಲಿನಲ್ಲಿರಬೇಕಾಗುತ್ತದೆ. ಅಷ್ಟರಲ್ಲಿ ಅದು ೨೧೭ ಮೀಟರ್ ಹೋಗುತ್ತದೆ, ಎದುರಿನಿಂದ ೬೦ರ ವೇಗದಲ್ಲಿ ಬರುವ ಲಾರಿ ೨೦೦ ಮೀಟರ್ ಹತ್ತಿರ ಬಂದಿರುತ್ತದೆ. ಚುರುಕಾದ ಕಾರು ಸರಾಸರಿ ೮೦ರ ವೇಗದಲ್ಲಿ ೬ ಸೆಕೆಂಡಿನಲ್ಲೇ ಕೆಲಸ ಮುಗಿಸುತ್ತದೆ. ಅದಕ್ಕೆ ಬೇಕಾದ ಬರಿದಾದ ರಸ್ತೆ ೪೧೭ ಮೀಟರ್ ಅಲ್ಲ, ೨೩೩ ಮೀಟರ್. ಇದು ಸಣ್ಣ ಲಾಭವಲ್ಲ.

ಆದರೆ ಈ ಲಾಭ ಚಾಲಕನ ಕೈಯಲ್ಲಿ ಉಳಿಯುತ್ತದೆಯೆ? ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ ೧೯೭೫ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಕಾರಿಗೆ ಸುರಕ್ಷತೆಯ ಸಾಧನಗಳನ್ನು ಕೂಡಿಸಿದರೆ ಚಾಲಕನು ಆ ಧೈರ್ಯದಿಂದಲೇ ಹೆಚ್ಚು ಸಾಹಸಕ್ಕಿಳಿದು, ಗಳಿಸಿದ್ದನ್ನು ಖರ್ಚು ಮಾಡಿಬಿಡುತ್ತಾನೆ. ಅವರ ಲೆಕ್ಕಗಳನ್ನು ಒಪ್ಪದ ಪಂಡಿತರು ಬಹಳ ಮಂದಿಯಿದ್ದಾರೆ. ಸೀಟುಬೆಲ್ಟು ಜೀವ ಉಳಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಕ್ತಿಯ ವಿಷಯದಲ್ಲಿ ಪೆಲ್ಟ್ಸ್‌ಮನ್ನರ ಮಾತು ಸೀಟುಬೆಲ್ಟಿಗಿಂತ ಚೆನ್ನಾಗಿ ಹೊಂದುತ್ತದೆಂದು ನನಗನ್ನಿಸುತ್ತದೆ. ಆರು ಸೆಕೆಂಡು ಸಾಕೆಂದು ತಿಳಿದವನು ಹನ್ನೆರಡು ಸೆಕೆಂಡಿನವನು ಬಿಟ್ಟುಕೊಡುತ್ತಿದ್ದ ಸಂದಿಗೆ ನುಗ್ಗುತ್ತಾನೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮುಂದೆ ಕಾಣುವ ದೂರ ಎಂಜಿನ್ನಿನ ಜೊತೆಗೆ ಹೆಚ್ಚುವುದಿಲ್ಲವಷ್ಟೆ.

ಬ್ರೇಕಿನ ಗಣಿತವೂ ಹೀಗೆಯೇ ನಿಷ್ಠುರವಾದುದು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿಯಿತೆಂದೂ, ಒಣ ರಸ್ತೆ, ಒಳ್ಳೆಯ ಟೈರು ಇವೆಯೆಂದೂ ಇಟ್ಟುಕೊಳ್ಳೋಣ. ೬೦ರ ವೇಗದಲ್ಲಿರುವ ಕಾರು ಸುಮಾರು ೩೬ ಮೀಟರಿನಲ್ಲಿ ನಿಲ್ಲುತ್ತದೆ. ೧೨೦ರಲ್ಲಿರುವುದು ಸುಮಾರು ೧೧೩ ಮೀಟರಿನಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ೨೦೨೩ರಲ್ಲಿ ಅಪಘಾತಗಳು ಹೆಚ್ಚಿದಾಗ ಪೊಲೀಸರು ೧೦೦ರ ಮಿತಿಯನ್ನು ಯಂತ್ರಗಳಿಂದ ಅಳೆದು ದಂಡ ಹಾಕತೊಡಗಿದ್ದು ಈ ಗಣಿತವನ್ನು ತಿಳಿದೇ.

ಇನ್ನೊಂದು ಕಷ್ಟ ರಚನೆಯಲ್ಲೇ ಇದೆ. ಈ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಸಿಕೊಳ್ಳುವಂಥವು. ಎತ್ತಿನ ಗಾಡಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಎತ್ತುಗಳೇ ಎಳೆಯಬೇಕು, ಎತ್ತುಗಳೇ ತಿರುಗಿಸಬೇಕು. ಏರಿನಲ್ಲಿ ಹೇರು ಹಿಂದಕ್ಕೆ ಜಗ್ಗಿದರೆ ನೊಗ ಮೇಲಕ್ಕೇಳುತ್ತದೆ. ಎತ್ತುಗಳ ಕಾಲಿಗೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಕಾರನ್ನು ಥಟ್ಟನೆ ಓಡಿಸಿದಾಗಲೂ ಭಾರ ಹಿಂದಕ್ಕೆ ಸರಿದು, ಎಳೆಯುವ ಚಕ್ರಗಳೇ ಹಗುರಾಗುತ್ತವೆ. ಸ್ಟೀರಿಂಗು ಕೈಯೊಳಗೇ ಒಂದು ಕಡೆಗೆ ಎಳೆಯತೊಡಗುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರನ್ನು ಬಿಟ್ಟರೆ ಇದರ ವಿರುದ್ಧವಾದ ಸಂಗತಿ ನಡೆಯುತ್ತದೆ: ಭಾರ ಮುಂದಕ್ಕೆ ಬಿದ್ದು ಹಿಂಭಾಗ ಜಾರುತ್ತದೆ. ಫ್ರಾನ್ಸಿನ ಪೂಜೋ ೨೦೫ ಜಿಟಿಐ, ೧೯೮೪ರಲ್ಲಿ ಬಂದ ಬಹು ಸೊಗಸಾದ ಕಾರು, ಈ ಗುಣಕ್ಕೆ ಹೆಸರಾಗಿತ್ತು. ಬಲ್ಲವನಿಗೆ ಅದೇ ಅದರ ರಸ. ಅರಿಯದವನಿಗೆ ಅದೇ ಹಳ್ಳ. ಈಗಿನ ಕಾರುಗಳಲ್ಲಿ ವಿದ್ಯುನ್ಮಾನ ಸಾಧನಗಳು ಈ ಜಾರುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತವೆ.

ಕೊಂಡವನ ಜೇಬಿಗೆ ಬೀಳುವ ಪೆಟ್ಟನ್ನು ತಿಳಿಯಲು ಬ್ರಿಟನ್ನಿನ ಕಥೆಯನ್ನು ನೋಡಬೇಕು. ೧೯೮೦ರ ದಶಕದಲ್ಲಿ ಅಲ್ಲಿನ ತರುಣರು ಈ ಕಾರುಗಳಿಗೆ ಮುಗಿಬಿದ್ದರು. ಕೊಳ್ಳಲಾರದ ತರುಣರು ಕದ್ದರು. ಕದ್ದು, ರಾತ್ರಿಯೆಲ್ಲ ಓಡಿಸಿ, ಎಲ್ಲಿಯೋ ಒಡೆದು ಬಿಟ್ಟುಹೋಗುವುದು ಕೆಲವು ಊರುಗಳಲ್ಲಿ ಒಂದು ಆಟವೇ ಆಯಿತು. ವಿಮಾ ಕಂಪನಿಗಳು ಕಂತನ್ನು ಏರಿಸುತ್ತ ಹೋದವು. ೧೯೯೦ರ ದಶಕದ ಮೊದಲಿಗೆ ಎಳೆಯ ವಯಸ್ಸಿನವರಿಗೆ ಕಾರಿನ ಬೆಲೆಗಿಂತ ವಿಮೆಯೇ ದೊಡ್ಡ ಅಡ್ಡಿಯಾಗಿ, ಮಾರಾಟ ಕುಸಿಯಿತು. ಯಾವ ಸರ್ಕಾರವೂ ನಿಷೇಧಿಸದ ವಸ್ತುವನ್ನು ಒಂದು ಕಂತಿನ ಪಟ್ಟಿ ಹೀಗೆ ಬೀದಿಯಿಂದ ಹಿಂದಕ್ಕೆಳೆಯಿತು. ಬೇಡಿಕೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಠ್ಯಪುಸ್ತಕದಲ್ಲಿಲ್ಲ.

ನಮ್ಮ ದೇಶದಲ್ಲಿ ವಿಷಯ ಬೇರೆ ದಾರಿ ಹಿಡಿಯಿತು. ನಾಲ್ಕು ಮೀಟರಿಗೆ ಮೀರದ ಉದ್ದ, ೧೨೦೦ ಘನ ಸೆಂಟಿಮೀಟರಿಗೆ ಮೀರದ ಪೆಟ್ರೋಲ್ ಎಂಜಿನ್ ಇದ್ದರೆ ತೆರಿಗೆ ಕಡಿಮೆ; ಗೆರೆ ದಾಟಿದರೆ ಹೆಚ್ಚು. ೨೦೨೫ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಬದಲಾದಾಗಲೂ ಈ ಗೆರೆ ಉಳಿಯಿತು. ಈಚೆಗೆ ಶೇಕಡಾ ೧೮, ಆಚೆಗೆ ಶೇಕಡಾ ೪೦. ಇದರಿಂದಾಗಿ ಇಲ್ಲಿಯ ಕಂಪನಿಗಳು ದೊಡ್ಡ ಎಂಜಿನ್ನನ್ನು ಬಿಟ್ಟು, ಸಣ್ಣ ಎಂಜಿನ್ನಿಗೆ ಟರ್ಬೊ ಕಟ್ಟಿ ಶಕ್ತಿ ತೆಗೆಯುವುದನ್ನು ಕಲಿತವು. ೨೦೧೩ರ ಪೋಲೊ ಜಿಟಿ ಟಿಎಸ್‌ಐ, ೨೦೧೭ರ ಬಲೆನೊ ಆರ್‌ಎಸ್, ೨೦೨೧ರ ಐ೨೦ ಎನ್ ಲೈನ್, ೨೦೨೪ರ ಆಲ್ಟ್ರೋಜ್ ರೇಸರ್ ಇವೆಲ್ಲ ಈ ತೆರಿಗೆಯ ಮಕ್ಕಳು. ಕೊನೆಯ ಎರಡಕ್ಕೆ ೧೨೦ ಅಶ್ವಶಕ್ತಿ. ಜರ್ಮನರ ಹೊಸ ಕಾರುಗಳ ಪಕ್ಕದಲ್ಲಿ ಇದು ನಗೆಪಾಟಲೆಂದು ನಮ್ಮ ಕೆಲವು ಮಿತ್ರರು ಮೂಗು ಮುರಿಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ೧೯೭೬ರ ಜಿಟಿಐಯ ೧೧೦ ಅಶ್ವಶಕ್ತಿಗೆ ಇದು ಸಮೀಪವೇ. ತೂಕ ಹೆಚ್ಚಾದರೂ ಸ್ವಭಾವ ಅದೇ, ಮತ್ತು ಸಾಧಾರಣ ಕಾರಿನ ಮೇಲೆ ಕೊಡಬೇಕಾದದ್ದು ಸ್ವಲ್ಪವೇ ಹೆಚ್ಚು.

ನಿಜವಾದ ಗಾಲ್ಫ್ ಜಿಟಿಐ ಭಾರತಕ್ಕೆ ಬಂದದ್ದು ೨೦೨೫ರ ಮೇ ತಿಂಗಳಿನಲ್ಲಿ. ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದ ಕಾರು. ಮೊದಲ ಕಂತಿನಲ್ಲಿ ೧೫೦ ಮಾತ್ರ. ೨೬೫ ಅಶ್ವಶಕ್ತಿ; ನಿಂತಲ್ಲಿಂದ ನೂರರ ವೇಗಕ್ಕೆ ೫.೯ ಸೆಕೆಂಡು. ಆಗ ಪ್ರಕಟವಾದ ಬೆಲೆ ೫೩ ಲಕ್ಷ ರೂಪಾಯಿ. ಕರ್ನಾಟಕದಲ್ಲಿ ೨೦ ಲಕ್ಷಕ್ಕೆ ಮೇಲ್ಪಟ್ಟ ಕಾರಿನ ಆಜೀವ ತೆರಿಗೆ ಬೆಲೆಯ ಶೇಕಡಾ ೧೮. ಅಂದರೆ ಈ ಕಾರಿಗೆ ಒಂಬತ್ತೂವರೆ ಲಕ್ಷದ ಸುಮಾರು, ಅದರ ಮೇಲಿನ ಅಧಿಭಾರ ಬೇರೆ. ಆ ತೆರಿಗೆಯ ಹಣದಲ್ಲೇ ಸಂಸಾರಕ್ಕೆ ಸಾಕಾಗುವ ಹೊಸ ಹ್ಯಾಚ್‌ಬ್ಯಾಕೊಂದನ್ನು ಕೊಳ್ಳಬಹುದು! ಬಡವನ ಕ್ರೀಡಾ ಕಾರೆಂದು ಹುಟ್ಟಿದ್ದು ಇಲ್ಲಿಗೆ ಬರುವಷ್ಟರಲ್ಲಿ ಸಾಹುಕಾರನ ಮೂರನೆಯ ಕಾರಾಯಿತು. ಕಾರು ಕೆಟ್ಟದೆಂದಲ್ಲ. ಅದನ್ನು ಸಮರ್ಥಿಸುತ್ತಿದ್ದ ಹಳೆಯ ವಾದ ಅದರ ಜೊತೆಗೆ ಹಡಗು ಹತ್ತಲಿಲ್ಲವೆಂದಷ್ಟೇ ನನ್ನ ಅಭಿಪ್ರಾಯ.

ನಮ್ಮ ರಸ್ತೆಗಳ ಉಬ್ಬುಗಳ ವಿಷಯವನ್ನೂ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಉಬ್ಬಿನ ಎತ್ತರ ೧೦ ಸೆಂಟಿಮೀಟರ್, ಅಗಲ ೩.೭ ಮೀಟರ್, ಅಂದರೆ ಅದು ಮೆಲ್ಲನೆ ಏರಿ ಮೆಲ್ಲನೆ ಇಳಿಯಬೇಕು. ನಮ್ಮ ಊರುಗಳಲ್ಲಿ ಒಂದು ಅಪಘಾತವಾದ ಮಾರನೆಯ ದಿನ ಜನರೇ ಹಾಕುವ ಉಬ್ಬು ಕಿರಿದಾಗಿ, ಎತ್ತರವಾಗಿ, ಗೋಡೆಯಂತಿರುತ್ತದೆ. ವೇಗದ ಕಾರನ್ನು ನೆಲಕ್ಕೆ ಹತ್ತಿರ ಇಳಿಸಿ, ಗಟ್ಟಿಯಾದ ಸ್ಪ್ರಿಂಗು, ತೆಳುವಾದ ಟೈರು ಹಾಕಿರುತ್ತಾರೆ. ತಿರುವಿನಲ್ಲಿ ಹಿಡಿತ ಕೊಡುವ ಈ ಗುಣಗಳೇ ಹಳ್ಳಿಯ ಮುಂದೆ ಹೊಟ್ಟೆ ಉಜ್ಜುವುದಕ್ಕೂ, ಗುಂಡಿಯಲ್ಲಿ ಚಕ್ರ ಸೀಳುವುದಕ್ಕೂ ಕಾರಣವಾಗುತ್ತವೆ.

ನಮ್ಮಂಥವರ ಕೈಗೆ ಎಟುಕುವುದು ಬಹುಶಃ ಒಮ್ಮೆ ಒಬ್ಬರ ಕೈ ದಾಟಿದ ಕಾರು. ಅಲ್ಲಿ ಎರಡು ಸಂಗತಿಗಳನ್ನು ವಿಚಾರಿಸಬೇಕು. ಮೊದಲನೆಯದು ಬಿಡಿಭಾಗ. ೨೦೧೫ರಲ್ಲಿ ಫಿಯಟ್ಟಿನವರು ೧೪೫ ಅಶ್ವಶಕ್ತಿಯ ಅಬಾರ್ಥ್ ಪುಂಟೊವನ್ನು ಹತ್ತು ಲಕ್ಷಕ್ಕಿಂತ ಕಡಿಮೆ ಬೆಲೆಗೆ ತಂದಾಗ ಬಹಳ ಮಂದಿ ಹಿಗ್ಗಿದರು. ಕೆಲವೇ ವರ್ಷಗಳಲ್ಲಿ ಆ ಕಂಪನಿಯ ಕಾರುಗಳ ಮಾರಾಟವೇ ಇಲ್ಲಿ ನಿಂತುಹೋಯಿತು. ಎರಡನೆಯದು ಗೇರುಪೆಟ್ಟಿಗೆ. ಪೋಲೊ ಜಿಟಿ ಟಿಎಸ್‌ಐಗೆ ಎರಡು ಒಣ ಕ್ಲಚ್ಚುಗಳುಳ್ಳ, ತಾನೇ ಗೇರು ಬದಲಿಸುವ ಏಳು ಗೇರಿನ ಪೆಟ್ಟಿಗೆಯಿತ್ತು. ಈ ಏರ್ಪಾಡು ಬಿಸಿಲಿನ ಊರುಗಳಲ್ಲಿ, ತೆವಳುವ ಸಂಚಾರದಲ್ಲಿ ಬೇಗ ಬಿಸಿಯಾಗುತ್ತದೆ. ಇಂಥ ಪೆಟ್ಟಿಗೆಗಳ ದೋಷಕ್ಕಾಗಿ ಫೋಕ್ಸ್‌ವ್ಯಾಗನ್ನಿನವರು ೨೦೧೩ರಲ್ಲಿ ಚೀನಾದಲ್ಲಿ ೩ ಲಕ್ಷ ೮೦ ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಮಾರುವವನು ಯಾವಾಗಲೂ ಬೆಳಗಿನ ತಂಪಿನಲ್ಲಿ, ಬರಿದಾದ ಹೆದ್ದಾರಿಯಲ್ಲಿ ಓಡಿಸಿ ತೋರಿಸುತ್ತಾನೆ. ಕೊಳ್ಳುವವನು ಸಂಜೆ ಆರು ಗಂಟೆಗೆ, ಪೇಟೆಯ ನಡುವೆ, ಅರ್ಧ ಗಂಟೆ ತೆವಳಿಸಿ, ಒಂದರಿಂದ ಎರಡನೆಯ ಗೇರಿಗೆ ಬೀಳುವಾಗ ನಡುಕವುಂಟೆ ಎಂಬುದನ್ನು ನೋಡಬೇಕು.