ಡಿಗ್ರಿ ಮುಗಿಯಿತು, ಮುಂದಿನ 180 ದಿನ ಏನು ಮಾಡಬೇಕು?

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಯುವನಿಧಿಗೆ ಅರ್ಜಿ ಹಾಕಿದ್ಯಾ?’ ಆಗಲೇ ಹಾಕಲು ಬರುವುದಿಲ್ಲ. ಫಲಿತಾಂಶದ ದಿನದಿಂದ 180 ದಿನ ಕೆಲಸವಿಲ್ಲದೆ ಉಳಿದವರಿಗೆ ಮಾತ್ರ ರಾಜ್ಯ ಸರ್ಕಾರದ ಆ ನಿರುದ್ಯೋಗ ಭತ್ಯೆ. ಹಾಗಾಗಿ ಎಷ್ಟೋ ಮಂದಿ ಈ ಆರು ತಿಂಗಳನ್ನು ಕಾಯುವುದರಲ್ಲೇ ಕಳೆಯುತ್ತಾರೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ 15ರಿಂದ 29 ವರ್ಷದವರ ನಿರುದ್ಯೋಗ ಪ್ರಮಾಣ ಶೇ 10.2. ಶಾಲೆಯ ಮೆಟ್ಟಿಲು ಹತ್ತದವರಿಗಿಂತ ಪದವೀಧರರಲ್ಲೇ ಈ ಸಮಸ್ಯೆ ಹೆಚ್ಚು. ಇಂಥ ಹೊತ್ತಿನಲ್ಲಿ ಭತ್ಯೆಗಿಂತ ಮೊದಲು ನೋಡಬೇಕಾದದ್ದು ಅಪ್ರೆಂಟಿಸ್‌ಶಿಪ್.

ಮೊದಲು ಕಾಗದಪತ್ರ

ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್, ಪದವಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ನಮ್ಮಲ್ಲಿ ಮಾಮೂಲು. ಆನ್‌ಲೈನ್ ಅರ್ಜಿ ತಡೆಯಾಗಲು ಅಷ್ಟು ಸಾಕು. ನಂತರ ಡಿಜಿಲಾಕರ್ ತೆರೆದು, ಪದವಿ ಅಂಕಪಟ್ಟಿ ಅಲ್ಲಿಗೆ ಬಂದಿದೆಯೇ ಗಮನಿಸಿ. ಬಂದಿಲ್ಲವೆಂದರೆ ಅದನ್ನು ಸೇರಿಸಬೇಕಾದದ್ದು ವಿಶ್ವವಿದ್ಯಾಲಯ. ಸೈಬರ್ ಸೆಂಟರ್‌ನವರ ಕೈಯಲ್ಲಿ ಅದು ಇಲ್ಲ. ಕಾಲೇಜು ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ.

ಬ್ಯಾಂಕ್ ಖಾತೆಯದು ಬೇರೆಯೇ ಕಥೆ. ಖಾತೆಗೆ ಆಧಾರ್ ಕೊಟ್ಟಿದ್ದೇನೆ ಎಂದರೆ ಸಾಲದು, ಸರ್ಕಾರದ ಹಣ ಬರಲು ಆಧಾರ್ ಅನ್ನು ಆ ಖಾತೆಗೆ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಸರ್ಕಾರದ ಹಣ ಕೊನೆಯದಾಗಿ ಮ್ಯಾಪ್ ಆದ ಖಾತೆಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ದುಡ್ಡು ಹೋಗಿ, ‘ನನಗೆ ಬಂದೇ ಇಲ್ಲ’ ಎಂದು ಕಚೇರಿ ಕಚೇರಿ ಅಲೆಯುವವರು ಕಡಿಮೆಯಿಲ್ಲ. ಬ್ಯಾಂಕ್ ಶಾಖೆಯಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಅದೇ ವಾರ ನ್ಯಾಟ್ಸ್ ನೋಂದಣಿ

ಪದವಿ ಮತ್ತು ಡಿಪ್ಲೊಮಾ ಮುಗಿಸಿದವರ ಅಪ್ರೆಂಟಿಸ್‌ಶಿಪ್‌ಗೆ ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಪೋರ್ಟಲ್ ಇದೆ. ಎಂಜಿನಿಯರಿಂಗ್ ಓದಿದವರಿಗಷ್ಟೇ ಎಂಬುದು ಹಳೆಯ ಮಾತು, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರಿಗೂ ಅವಕಾಶವಿದೆ. ನೋಂದಣಿ ಉಚಿತ. ಅಲ್ಲಿ ಸಿಗುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳು ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯುವಾಗ ಮೊದಲು ಕೇಳುವುದೇ ಅದನ್ನು.

2019ರಲ್ಲಿ ತಿದ್ದಿದ ಅಪ್ರೆಂಟಿಸ್‌ಶಿಪ್ ನಿಯಮಗಳು ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿದವು. ಇದರಲ್ಲಿ ಅರ್ಧ ಕೇಂದ್ರದ್ದು. ಸಂಸ್ಥೆ ಹೆಚ್ಚು ಕೊಡಲು ಅಡ್ಡಿಯಿಲ್ಲ. 2024ರಲ್ಲಿ ಕೆನರಾ ಬ್ಯಾಂಕ್ 3,000 ಪದವೀಧರ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಾಗ ಸ್ಟೈಪೆಂಡ್ ತಿಂಗಳಿಗೆ 15,000 ಇತ್ತು: ಬ್ಯಾಂಕಿನ 10,500, ಕೇಂದ್ರದ 4,500. ಆಯಾ ರಾಜ್ಯದ ಭಾಷೆ ಬರಬೇಕೆಂಬ ಷರತ್ತೂ ಇತ್ತು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಥ ಪ್ರಕಟಣೆಗಳನ್ನು ಬಿಡಲೇಬಾರದು.

ಪ್ರಕಟಣೆ ಬರಲಿ ಎಂದು ಕೂರುವುದೂ ಬೇಡ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶೇ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಮೈಸೂರಿನ ಹೆಬ್ಬಾಳ, ಶಿವಮೊಗ್ಗದ ಮಾಚೇನಹಳ್ಳಿ, ಹೀಗೆ ನಿಮ್ಮ ಹತ್ತಿರದ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಎಚ್‌ಆರ್ ವಿಭಾಗದಲ್ಲಿ ‘ನ್ಯಾಟ್ಸ್‌ನಲ್ಲಿ ತಗೋತೀರಾ ಸರ್?’ ಎಂದು ನೇರವಾಗಿ ಕೇಳಿ. ಅಕೌಂಟ್ಸ್, ಸ್ಟೋರ್ಸ್, ಗುಣಮಟ್ಟ ಪರೀಕ್ಷೆಯ ವಿಭಾಗಗಳಿಗೂ ಜನ ಬೇಕಾಗುತ್ತದೆ.

ಊರಿನಿಂದ ದೂರ ಹೋಗುವ ಮುನ್ನ ಲೆಕ್ಕ ಹಾಕಿ. ರಾಯಚೂರಿನಿಂದ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿದ್ದರೆ 9,000 ರೂಪಾಯಿ ಬಾಡಿಗೆ, ಊಟಕ್ಕೇ ಕರಗುತ್ತದೆ. ಅಂಥವರಿಗೆ ತಮ್ಮ ಜಿಲ್ಲೆಯ ಸಂಸ್ಥೆಯೋ ಬ್ಯಾಂಕ್ ಶಾಖೆಯೋ ಮೇಲು.

ಸಹಿ ಹಾಕುವ ಮುನ್ನ

ನಿಜವಾದ ಅಪ್ರೆಂಟಿಸ್‌ಶಿಪ್‌ಗೆ ಪೋರ್ಟಲ್‌ನಲ್ಲಿ ದಾಖಲಾದ ಒಪ್ಪಂದ ಇರುತ್ತದೆ. ಅದರಲ್ಲಿ ತರಬೇತಿಯ ವಿಷಯ, ಆರಂಭ ಮತ್ತು ಮುಕ್ತಾಯದ ದಿನಾಂಕ, ಸ್ಟೈಪೆಂಡ್ ಮೊತ್ತ ಓದಿ ನೋಡಿ. ‘ಟ್ರೈನಿ’ ಎಂದು ಕರೆದು ಒಪ್ಪಂದ ಕೊಡದಿದ್ದರೆ ಅದು ಕಡಿಮೆ ಸಂಬಳದ ಕೆಲಸ ಅಷ್ಟೇ. ಹಾಗಾದರೆ ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಪಿ.ಎಫ್., ಇಎಸ್‌ಐ ಇದೆಯೇ ಎಂದೂ ಕೇಳಿ. ಅಪ್ರೆಂಟಿಸ್‌ಶಿಪ್ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ. ‘ಪರ್ಮನೆಂಟ್ ಮಾಡ್ತೀವಿ’ ಎಂಬ ಬಾಯಿಮಾತನ್ನು ನಂಬಿ ಬೇರೆ ಅರ್ಜಿಗಳನ್ನು ನಿಲ್ಲಿಸಬೇಡಿ. ಕೈಗೆ ಸಿಗುವುದು ಒಂದು ವರ್ಷದ ಅನುಭವ ಮತ್ತು ಪ್ರಮಾಣಪತ್ರ.

ದುಡ್ಡಿನ ವಿಷಯ: ಕೆಲವು ಬ್ಯಾಂಕ್‌ಗಳು ಅರ್ಜಿ ಶುಲ್ಕ ತೆಗೆದುಕೊಳ್ಳುವುದುಂಟು, ಅದನ್ನು ಅವುಗಳ ಅಧಿಕೃತ ಜಾಲತಾಣದಲ್ಲೇ ಕಟ್ಟಬೇಕು. ಮಧ್ಯವರ್ತಿಯ ಫೋನ್‌ಪೇ ಸಂಖ್ಯೆಗೆ ‘ಡೆಪಾಸಿಟ್’ ಹಾಕಿ ಎಂದರೆ ಅಲ್ಲಿಗೇ ಮಾತು ಮುಗಿಸಿ.

ಆರು ತಿಂಗಳಾದರೂ ಏನೂ ಸಿಗಲಿಲ್ಲವೇ?

ಈಗ ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಅವಧಿ ಗರಿಷ್ಠ 24 ತಿಂಗಳು. ಸೇವಾಸಿಂಧು ಪೋರ್ಟಲ್‌ನಲ್ಲಿ ಇಲ್ಲವೇ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅರ್ಜಿ ಹಾಕಬಹುದು. ರಾಜ್ಯದಲ್ಲಿ ಕನಿಷ್ಠ ಆರು ವರ್ಷ ಓದಿದ್ದಕ್ಕೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳೇ ಆಧಾರ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಭತ್ಯೆ ಇಲ್ಲ. ಆದ್ದರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಪದವಿಗೆ ಸೇರಿ, ನಾಲ್ಕನೇ ವರ್ಷದ ಆನರ್ಸ್‌ಗೆ ಹೋಗಲೇ ಎಂದು ಯೋಚಿಸುತ್ತಿರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಬಂದಿರುವುದರಿಂದ ನಂತರದವರಿಗೆ ಈ ಗೊಂದಲವಿಲ್ಲ.

ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುತ್ತಿರುವವರಿಗೂ ಯುವನಿಧಿ ಸಿಗುವುದಿಲ್ಲ. ಅದಕ್ಕಾಗಿ ಅಪ್ರೆಂಟಿಸ್‌ಶಿಪ್ ಬೇಡ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎರಡು ವರ್ಷದ ಪೂರ್ತಿ ಯುವನಿಧಿ 72,000 ರೂಪಾಯಿ. 2019ರ ನಿಯಮದ ಕನಿಷ್ಠ ಸ್ಟೈಪೆಂಡ್ ಲೆಕ್ಕದಲ್ಲೇ ಒಂದು ವರ್ಷಕ್ಕೆ 1,08,000.

ಅರ್ಜಿ ಮಂಜೂರಾದ ಮೇಲೆ ‘ನನಗಿನ್ನೂ ಕೆಲಸ ಸಿಕ್ಕಿಲ್ಲ’ ಎಂಬ ಸ್ವಯಂ ಘೋಷಣೆಯನ್ನು ಗಡುವಿನೊಳಗೆ ಸಲ್ಲಿಸುತ್ತಿರಬೇಕು. ಮುಂದಿನ ಗಡುವು ಯಾವುದೆಂದು ಸೇವಾಸಿಂಧುವಿನಲ್ಲಿ ನೋಡಿ ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಕೆಲಸ ಸಿಕ್ಕಿದ ತಿಂಗಳೇ ಘೋಷಣೆ ನಿಲ್ಲಿಸಿ. ಪಿ.ಎಫ್. ಖಾತೆಯೂ ಆಧಾರ್ ಮೂಲಕವೇ ತೆರೆಯುವುದರಿಂದ ಮುಚ್ಚಿಡುವುದು ಕಷ್ಟ, ಸುಳ್ಳು ಘೋಷಣೆಗೆ ದಂಡವೂ ಇದೆ. ಅರ್ಜಿ ತಿರಸ್ಕೃತವಾದರೆ ಮೂಲ ದಾಖಲೆಗಳೊಂದಿಗೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ವಿಚಾರಿಸಿ; ಹೋದಾಗ ಅಲ್ಲಿ ಉದ್ಯೋಗ ಮೇಳ ಯಾವಾಗ ಎಂದೂ ಕೇಳಿಕೊಂಡು ಬನ್ನಿ.