ಹಾರಿದ ಗಂಟೆಗೆ ಲೆಕ್ಕ ಇರಲಿ

ಚಿರಂಜೀವಿ ಪುಟ್ಟಿಗೆ ಮಾವ ಮಾಡುವ ಆಶೀರ್ವಾದಗಳು.

ಪ್ರೈವೇಟ್ ಪೈಲಟ್ ಪರೀಕ್ಷೆ ಪಾಸಾದೆಯೆಂದು ಅಕ್ಕ ಫೋನ್ ಮಾಡಿ ಹೇಳಿದಳು. ಬಹಳ ಸಂತೋಷವಾಯಿತು ಕಣಮ್ಮ. ವಾರವಿಡೀ ಆಫೀಸು, ಶನಿವಾರ ಭಾನುವಾರ ಅರಿಜೋನಾದ ಚಾಂಡ್ಲರ್ ಏರ್‌ಪೋರ್ಟಿನಲ್ಲಿ ಬಾಡಿಗೆ ಸೆಸ್ನಾ 172. ಹೀಗೆ ಗಂಟೆ ಕೂಡಿಸಿಕೊಂಡು ಮುಂದೆ ಊರಿಗೆ ಬಂದು ಕಮರ್ಷಿಯಲ್ ಲೈಸೆನ್ಸ್ ಮಾಡಿಸಿಕೊಳ್ಳುವ ಯೋಚನೆ ನಿನಗಿದೆಯಂತೆ. ಜಕ್ಕೂರಿನಲ್ಲಿ ಹಾರಾಟ ಕಲಿಸುತ್ತಲೇ ಆಯುಷ್ಯ ಕಳೆದವನು ನಾನು. ಹೊರದೇಶದಲ್ಲಿ ಹಾರಿ ಬಂದ ಮಕ್ಕಳ ಲಾಗ್‌ಬುಕ್ಕುಗಳನ್ನು ತಿರುವಿಹಾಕಿದ್ದೇನೆ, ಚೆನ್ನಾಗಿ ಹಾರಬಲ್ಲವರೂ ಕಾಗದದ ಮುಂದೆ ಸೋತು ನಿಂತದ್ದನ್ನು ಕಂಡಿದ್ದೇನೆ. ನಿನ್ನ ಹಾಗೆಯೇ ಹೊರಟಿರುವ ಬೇರೆ ಮಕ್ಕಳಿಗೂ ಉಪಯೋಗವಾಗಲಿ ಎಂದು ಇದನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಿನ್ನ ಲಾಗ್‌ಬುಕ್ಕನ್ನು ಮುಂದೆ ಓದುವವರು ನಿನ್ನ ಮುಖವನ್ನಾಗಲಿ ಅರಿಜೋನಾದ ಆಕಾಶವನ್ನಾಗಲಿ ಕಂಡವರಲ್ಲ. ಲೈಸೆನ್ಸ್ ಕೊಡುವ ದೆಹಲಿಯ ಕಚೇರಿಯಲ್ಲಿ ಕೂತ ಅವರು ಬರೀ ಸಾಲು ನೋಡಿ ನಂಬಬೇಕು. ಆ ನಂಬಿಕೆಯನ್ನು ಕೊನೆಯಲ್ಲಿ ಕೂತು ಕಟ್ಟಲು ಬರುವುದಿಲ್ಲ. ಹಾರಿದ ದಿನವೇ ಕಟ್ಟಬೇಕು.

ಮೊದಲು ಸಮಯದ ವಿಷಯ. ವಿಮಾನ ಹಾರಾಟಕ್ಕೆಂದು ಸ್ವಂತ ಬಲದಿಂದ ಚಲಿಸಿದ ಗಳಿಗೆಯಿಂದ, ಇಳಿದ ಮೇಲೆ ಪೂರ್ತಿ ನಿಲ್ಲುವವರೆಗಿನದು ಹಾರಾಟದ ಸಮಯ. ಬಾಡಿಗೆಯವರು ನೋಡುವುದು ಹಾಬ್ಸ್ ಮೀಟರನ್ನು. ಅದು ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕ ಕೊಡುತ್ತದೆ, ಅದರಲ್ಲಿ 1.3 ಎಂದರೆ 1 ಗಂಟೆ 18 ನಿಮಿಷ. ಇದನ್ನು 1 ಗಂಟೆ 30 ನಿಮಿಷ ಎಂದು ಇಳಿಸಿಕೊಂಡ ಪುಟಗಳನ್ನು ನಾನು ನೋಡಿದ್ದೇನೆ. ಮೋಸದ ಉದ್ದೇಶ ಇರಲಿಲ್ಲ, ಆದರೆ ಮೊತ್ತ ತಾಳೆಯಾಗದಿದ್ದಾಗ ಇಡೀ ಪುಸ್ತಕದ ಮೇಲೆ ಅನುಮಾನ ಬಂತು. ಟ್ಯಾಕ್ ಮೀಟರಿನ ಅಂಕಿಯಂತೂ ಬೇಡ. ಅದು ಎಂಜಿನ್ನಿನ ಸುತ್ತುಗಳನ್ನು ಹಿಡಿದು ಓಡುವಂಥದ್ದು, ಟ್ಯಾಕ್ಸಿ ಮಾಡುವಾಗ ನಿಧಾನವಾಗುತ್ತದೆ. ಹೊರಟ ಹೊತ್ತು, ನಿಂತ ಹೊತ್ತು ಎರಡನ್ನೂ ಯುಟಿಸಿಯಲ್ಲಿ ಬರೆದಿಡು. ನಿನ್ನೂರಿನ ಸಂಜೆ ಆರು ಗಂಟೆ ಎಂದರೆ ಯುಟಿಸಿಯಲ್ಲಿ ಮರುದಿನದ ನಸುಕಿನ ಒಂದು ಗಂಟೆ. ತಾರೀಕು ಹೊರಳುತ್ತದೆ, ಜೋಪಾನ.

ಇನ್ನು ಪೈಲಟ್ ಇನ್ ಕಮಾಂಡ್ ಕಾಲಂ. ಹೆಚ್ಚು ಮಕ್ಕಳು ಪೆಟ್ಟು ತಿನ್ನುವುದು ಇಲ್ಲೇ. ಒಬ್ಬರು ಹುಡ್ ಹಾಕಿಕೊಂಡು ಬರೀ ಉಪಕರಣ ನೋಡಿ ಹಾರಿಸುವಾಗ ಪಕ್ಕದಲ್ಲಿ ಸೇಫ್ಟಿ ಪೈಲಟ್ ಹೊರಗೆ ನೋಡುತ್ತ ಕೂರುತ್ತಾರೆ. ಆ ಹಾರಾಟದ ಹೊಣೆ ಸೇಫ್ಟಿ ಪೈಲಟ್ಟಿನದೆಂದು ಮೊದಲೇ ಒಪ್ಪಿಕೊಂಡಿದ್ದರೆ ಅಮೆರಿಕದ ನಿಯಮದಂತೆ ಆ ಹೊತ್ತನ್ನು ಇಬ್ಬರೂ ಕಮಾಂಡಿನ ಸಮಯವೆಂದು ಬರೆದುಕೊಳ್ಳಬಹುದು. ಬಾಡಿಗೆ ಹಂಚಿಹೋಗುತ್ತದೆ, ಗಂಟೆ ಇಬ್ಬರಿಗೂ ಸಿಗುತ್ತದೆ. ಅಲ್ಲಿ ಅದು ತಪ್ಪಲ್ಲ. ಆದರೆ ಒಂದು ವಿಮಾನಕ್ಕೆ ಒಬ್ಬನೇ ಕಮಾಂಡರ್ ಎಂದು ನೋಡುವ ದೇಶಗಳಲ್ಲಿ ಆ ಗಂಟೆಗಳ ಮೇಲೆ ಪ್ರಶ್ನೆ ಏಳುತ್ತದೆ. ನಮ್ಮ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳಲ್ಲಿ 100 ಗಂಟೆ ಕಮಾಂಡಿನದಾಗಿರಬೇಕು. ಅದರಲ್ಲಿ 20 ಗಂಟೆ ಕ್ರಾಸ್ ಕಂಟ್ರಿ. ಅದರೊಳಗೆ 300 ನಾಟಿಕಲ್ ಮೈಲಿಯ ಒಂದು ಹಾರಾಟ, ದಾರಿಯಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಂತಿರಬೇಕು. ಈ 100 ಗಂಟೆಯನ್ನು ನೀನೊಬ್ಬಳೇ ಹೊಣೆ ಹೊತ್ತ ಹಾರಾಟಗಳಿಂದಲೇ ತುಂಬಿಸು. ಹಂಚಿಕೊಂಡದ್ದು ಅದರ ಮೇಲಿನದಾಗಲಿ. ಷರಾದಲ್ಲಿ ಯಾರು ಹುಡ್ ಹಾಕಿದ್ದರು, ಯಾರು ಹೊಣೆ ಹೊತ್ತಿದ್ದರು ಎಂದು ಒಂದು ಸಾಲು ಬರೆದಿಡು.

ಲೈಸೆನ್ಸಿಗೋ ರೇಟಿಂಗಿಗೋ ರೂಢಿ ಉಳಿಸಿಕೊಂಡದ್ದನ್ನು ತೋರಿಸುವುದಕ್ಕೋ ಬೇಕಾದ ಹಾರಾಟ ಮಾತ್ರ ದಾಖಲಾದರೆ ಸಾಕು ಎನ್ನುತ್ತದೆ ಅಮೆರಿಕದ ನಿಯಮ. ನೀನು ಎಲ್ಲವನ್ನೂ ಬರೆ. ಬಾಡಿಗೆ ಬಿಲ್ಲು, ಪೆಟ್ರೋಲ್ ಹಾಕಿಸಿದ ರಸೀದಿ ಎಸೆಯಬೇಡ. ಫ್ಲೈಯಿಂಗ್ ಸ್ಕೂಲುಗಳು ಮುಚ್ಚುತ್ತವೆ, ಇನ್‌ಸ್ಟ್ರಕ್ಟರುಗಳು ಏರ್‌ಲೈನ್ ಸೇರಿ ಊರು ಬಿಡುತ್ತಾರೆ. ಸಹಿ ಆಯಾ ದಿನವೇ ಬೀಳಲಿ. ಹಾರದ ಗಂಟೆಯನ್ನು ಪೆನ್ನಿನಲ್ಲಿ ಹಾರಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. 2011ರಲ್ಲಿ ನಮ್ಮಲ್ಲೇ ನಕಲಿ ಅಂಕಪಟ್ಟಿ, ಸುಳ್ಳು ಹಾರಾಟದ ಗಂಟೆಗಳು ಹೊರಬಿದ್ದು ಪೈಲಟ್‌ಗಳ ಬಂಧನವಾಯಿತು. ಅಂಥವರಿಂದಾಗಿ ಪ್ರಾಮಾಣಿಕರೂ ಎರಡೆರಡು ಸಾಕ್ಷಿ ಒದಗಿಸಬೇಕಾಗಿ ಬಂದಿದೆ.

ಕಾಗದ ಸರಿಯಾಯಿತು, ಒಳಗಿನ ಸರಕು? ಚಾಂಡ್ಲರಿನ ಸುತ್ತಲೇ ಗಿರಕಿ ಹೊಡೆದರೂ ಗಂಟೆ ಆಗುತ್ತದೆ, ಆದರೆ ಕೈ ಪಳಗುವುದಿಲ್ಲ. ಸೆಡೋನಾಕ್ಕೆ ಹೋಗು. ಗುಡ್ಡದ ನೆತ್ತಿಯ ಮೇಲಿನ ಆ ರನ್‌ವೇ ಸಮುದ್ರಮಟ್ಟದಿಂದ 4,800 ಅಡಿ ದಾಟಿದೆ. ಬಿಸಿಲು 35 ಡಿಗ್ರಿ ಮುಟ್ಟಿದ ದಿನ ನಿನ್ನ ಸೆಸ್ನಾಕ್ಕೆ ಅಲ್ಲಿನ ಗಾಳಿ 8 ಸಾವಿರ ಅಡಿಯ ಗಾಳಿಯಷ್ಟು ತೆಳು. ಥ್ರಾಟಲ್ ಪೂರ್ತಿ ಒತ್ತಿದರೂ ಎಂಜಿನ್ನಿಗೆ ಕಸುವಿರದು, ಮಿಕ್ಸ್ಚರ್ ತೆಳು ಮಾಡಿಕೊಳ್ಳದೆ ಹೊರಟರೆ ಇನ್ನೂ ಕಡಿಮೆ. ಚಕ್ರ ನೆಲ ಬಿಡುವುದು ತಡವಾಗುತ್ತದೆ. ಬೆಳಗ್ಗೆ ಬೇಗ ಹೋಗು, ಪರ್ಫಾರ್ಮೆನ್ಸ್ ಚಾರ್ಟ್ ನೋಡಿ ಲೆಕ್ಕ ಹಾಕಿಕೊಂಡು ಹೋಗು. ಮೊದಲ ಸಲ ಇನ್‌ಸ್ಟ್ರಕ್ಟರ್ ಜೊತೆಗಿರಲಿ. ಸುಮಾರು 3 ಸಾವಿರ ಅಡಿ ಎತ್ತರದ ಜಕ್ಕೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹಾರಿಸುವಾಗ ಈ ಪಾಠ ಕೆಲಸಕ್ಕೆ ಬರುತ್ತದೆ.

ಅರಿಜೋನಾದಲ್ಲಿ ವರ್ಷದ ಬಹುಪಾಲು ಆಕಾಶ ನಿಚ್ಚಳ. ಗಂಟೆ ಬೇಗ ಸೇರುತ್ತದೆ, ಮೋಡದ ಪರಿಚಯ ಮಾತ್ರ ಆಗುವುದಿಲ್ಲ. ನನಗೆ ಭಯವಿರುವುದು ಅದರದ್ದೇ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ತನ್ನ ಹೆಂಡತಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಕಡೆ ಹೊರಟ. ಸುಮಾರು 310 ಗಂಟೆ ಹಾರಿದ್ದವನು, ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಮಬ್ಬು ಕವಿದ ಕತ್ತಲಲ್ಲಿ, ನೀರಿನ ಮೇಲೆ, ದಿಗಂತವೇ ಕಾಣದೆ ದಿಕ್ಕುಗೆಟ್ಟ. ಮೂವರೂ ಹೋದರು. ನೀನು ಮುಟ್ಟಬೇಕೆಂದಿರುವ 200ಕ್ಕಿಂತ ಅವನ ಗಂಟೆ ಹೆಚ್ಚಿತ್ತು. ಆದ್ದರಿಂದ ಗೆಳತಿಯರನ್ನು ರಾತ್ರಿ ಸುತ್ತಾಡಿಸುವ ಮೊದಲು ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ದುಡ್ಡು ತೆಗೆದಿಡು. 90 ದಿನದಲ್ಲಿ ಮೂರು ಸಲ ರಾತ್ರಿ ಮೇಲೇರಿ, ಇಳಿದು ಪೂರ್ತಿ ನಿಂತಿದ್ದರೆ ರಾತ್ರಿ ಜನರನ್ನು ಕೂರಿಸಿಕೊಳ್ಳಬಹುದು ಎನ್ನುತ್ತದೆ ನಿಯಮ. ನನ್ನ ಮಗಳಾಗಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ.

ದೀಪಾವಳಿಗೆ ಬರುವಾಗ ಲಾಗ್‌ಬುಕ್ ತಾ, ಕೂತು ಸಾಲು ಸಾಲು ನೋಡೋಣ. ಸೂಟ್‌ಕೇಸಿಗೆ ಹಾಕಿ ಚೆಕ್-ಇನ್ ಮಾಡಬೇಡ, ಕೈಚೀಲದಲ್ಲೇ ಇರಲಿ. ಹೊರಡುವ ಮೊದಲು ಎಲ್ಲ ಪುಟದ ಫೋಟೋ ತೆಗೆದು ನನಗೂ ಅಮ್ಮನಿಗೂ ಕಳಿಸು.

ಇಂತಿ,
ನಿನ್ನ ಸೋದರಮಾವ