ಮಿಂಚಂಚೆಯನ್ನೂ ದಿನಸೂಚಿಯನ್ನೂ ಮನೆಯ ಗಣಕಯಂತ್ರದಲ್ಲಿ ಇರಿಸಿಕೊಳ್ಳುವ ಕ್ರಮ

ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಜಮೀನುದಾರರಲ್ಲಿಯೂ ಗ್ರಾಮದ ಮುಖಂಡರಲ್ಲಿಯೂ ಅನೇಕರ ಮನೆಗಳಿಗೆ ಗಣಕಯಂತ್ರವು ಬಂದಿರುತ್ತದೆ. ಬ್ಯಾಂಕಿನ ಸಾಲದ ಲೆಕ್ಕ, ಅಡಿಕೆ ಮಂಡಿಯ ಪಟ್ಟಿ, ಸಹಕಾರ ಸಂಘದ ಸಭೆಯ ತಿಳಿವಳಿಕೆ ಮೊದಲಾದುವು ಮಿಂಚಂಚೆಯಲ್ಲಿ ಬರುವುದುಂಟು. ಹಲವರು ಇವನ್ನು ಜಾಲದಲ್ಲಿ ಒಮ್ಮೆ ಓದಿ ಅಲ್ಲಿಯೇ ಬಿಟ್ಟುಬಿಡುವರು. ಮಳೆಗಾಲದಲ್ಲಿ ಸಂಪರ್ಕ ತಪ್ಪಿದ ದಿನವೇ ಆ ಕಾಗದ ಬೇಕಾದರೆ ಏನೂ ತೋಚದು. ಆದಕಾರಣ ಕಾಗದಗಳ ಪ್ರತಿಯೊಂದು ಮನೆಯಲ್ಲಿಯೇ ಇರುವುದು ಮೇಲು.

ಈ ಕೆಲಸಕ್ಕೆ ಥಂಡರ್‌ಬರ್ಡ್ ಎಂಬ ತಂತ್ರಾಂಶವು ಅನುಕೂಲವಾಗಿದೆ. ಇದರ ಮೊದಲನೆಯ ಪೂರ್ಣ ಆವೃತ್ತಿಯು ೨೦೦೪ರ ಡಿಸೆಂಬರಿನಲ್ಲಿ ಹೊರಬಂದಿತು. ಬೇರೆಯಾಗಿ ಸೇರಿಸಿಕೊಳ್ಳಬೇಕಾಗಿದ್ದ ದಿನಸೂಚಿಯು ೨೦೧೫ರಿಂದ ಅದರೊಡನೆಯೇ ಬರುತ್ತದೆ. ಇದಕ್ಕೆ ಕ್ರಯವಿಲ್ಲ. ಇದು ಮುಕ್ತ ತಂತ್ರಾಂಶ. ಮನೆಯಲ್ಲಿ ಉಳಿಸಿದ ಬಿತ್ತನೆ ಬೀಜವನ್ನು ನೆರೆಯವರಿಗೆ ಕೊಡುವಂತೆ ಇದನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು, ಬಲ್ಲವರು ಇದರ ಮೂಲವನ್ನು ಓದಿ ತಿದ್ದಲೂಬಹುದು.

ಥಂಡರ್‌ಬರ್ಡ್ ಡಾಟ್ ನೆಟ್ ಎಂಬ ತಾಣದಿಂದಲೇ ಇದನ್ನು ಇಳಿಸಿಕೊಳ್ಳತಕ್ಕದ್ದು. ಕಂಡ ಕಂಡ ತಾಣಗಳಿಂದ ತರಕೂಡದು. ಲಿನಕ್ಸ್ ಉಳ್ಳ ಯಂತ್ರಗಳಲ್ಲಿ ಅದರ ತಂತ್ರಾಂಶ ಭಂಡಾರದಿಂದಲೇ ಹಾಕಿಕೊಳ್ಳಬಹುದು. ತೆರೆದೊಡನೆ ಹೆಸರನ್ನೂ ಅಂಚೆ ವಿಳಾಸವನ್ನೂ ಕೇಳುವುದು. ಮಿಕ್ಕ ವಿವರಗಳನ್ನು ಬಹುಮಟ್ಟಿಗೆ ತಾನೇ ಹುಡುಕಿಕೊಳ್ಳುವುದು. ಜಿಮೇಲ್ ವಿಳಾಸವಾದರೆ ಗೂಗಲ್ಲಿನ ಪುಟವೊಂದು ತೆರೆದು ಅಪ್ಪಣೆ ಕೇಳುತ್ತದೆ. ಗುಪ್ತಪದವನ್ನು ಅಲ್ಲಿ ಕೊಡಬೇಕು.

ಇಲ್ಲಿ ಐಮ್ಯಾಪ್, ಪಾಪ್ ಎಂಬ ಎರಡು ಕ್ರಮಗಳಿವೆ. ಪಾಪ್ ಕ್ರಮದಲ್ಲಿ ಕಾಗದಗಳು ಮನೆಯ ಯಂತ್ರಕ್ಕೆ ಇಳಿಯುತ್ತವೆ. ಮೂಲವನ್ನು ಉಳಿಸುವಂತೆ ಗುರುತು ಮಾಡದಿದ್ದರೆ ಅಂಚೆಮನೆಯಲ್ಲಿ ಅಳಿದುಹೋಗುತ್ತವೆ. ಫೋನಿನಲ್ಲಿಯೂ ಅಂಚೆ ನೋಡುವವರು ಐಮ್ಯಾಪನ್ನೇ ಆರಿಸತಕ್ಕದ್ದು. ಆದರೆ ಐಮ್ಯಾಪ್ ಕನ್ನಡಿಯಂತೆ: ಇಲ್ಲಿ ಅಳಿಸಿದ ಕಾಗದ ಅಲ್ಲಿಯೂ ಅಳಿಯುವುದು, ಅಲ್ಲಿ ಅಳಿದುದು ಇಲ್ಲಿಯೂ ಉಳಿಯದು. ಸಾಲ, ವಿಮೆ, ಪಹಣಿ ಇವುಗಳ ಕಾಗದಗಳನ್ನು ‘ಲೋಕಲ್ ಫೋಲ್ಡರ್ಸ್’ ಎಂಬಲ್ಲಿಗೆ ಒಂದೊಂದು ಪ್ರತಿ ಮಾಡಿಡುವುದನ್ನು ಮರೆಯಬಾರದು. ವಿವಾದ ಹುಟ್ಟಿದಾಗ ಕೈಗೆ ಸಿಗುವುದು ಈ ಪ್ರತಿಯೇ.

ದಿನಸೂಚಿಯ ಪ್ರಯೋಜನವು ತೋಟಗಾರರಿಗೆ ವಿಶೇಷ. ಅಡಿಕೆಯ ಕೊಳೆರೋಗಕ್ಕೆ ಮುಂಗಾರಿನ ಆರಂಭದಲ್ಲಿ ಶೇಕಡಾ ೧ರ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, ೪೦–೪೫ ದಿನಗಳ ಮೇಲೆ ಮತ್ತೆ ಸಿಂಪಡಿಸಬೇಕು. ಮೊದಲ ಸಿಂಪಡಣೆಯ ದಿನವನ್ನು ಬರೆದು, ೪೦ ದಿನಗಳಿಗೆ ಪುನರಾವರ್ತನೆಯಾಗುವಂತೆ ಗೊತ್ತುಮಾಡಿದರೆ ಲೆಕ್ಕ ತಪ್ಪದು. ಐದು ದಿನ ಮುಂಚೆ ಎಚ್ಚರಿಕೆ ಬರುವಂತೆ ಮಾಡಿಕೊಂಡಲ್ಲಿ ೧೦೦ ಲೀಟರ್ ನೀರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣದಂತೆ ಸಾಮಗ್ರಿಯನ್ನು ತರಿಸಿಡಲು ಅವಕಾಶವಾಗುವುದು. ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ಭದ್ರಾವತಿಯ ಕಡೆಯವರು ನೀರು ಬಿಡುವ ದಿನವು ಪ್ರಕಟವಾದೊಡನೆ ಇದರಲ್ಲಿ ಬರೆದಿಡಬೇಕು.

ಆದರೆ ಯಂತ್ರವು ನಡೆಯುತ್ತಿದ್ದು, ತಂತ್ರಾಂಶವು ತೆರೆದಿದ್ದರೆ ಮಾತ್ರ ಎಚ್ಚರಿಕೆಯ ಗಂಟೆ ಬಾರಿಸುವುದು. ವಿದ್ಯುತ್ತು ಹೋದರೆ ಅದೂ ಮೌನ. ಗೂಗಲ್ಲಿನ ದಿನಸೂಚಿಯನ್ನು ಇದಕ್ಕೆ ಜೋಡಿಸಿ, ಅದರಲ್ಲಿಯೇ ಬರೆದರೆ ಫೋನಿನಲ್ಲಿಯೂ ಎಚ್ಚರಿಕೆ ದೊರೆಯುತ್ತದೆ.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಕ್ರಮದಲ್ಲಿಯೇ ಬರೆಯಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಾಗದವು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದು.

ತಿಂಗಳಿಗೊಮ್ಮೆ ತಂತ್ರಾಂಶವನ್ನು ಮುಚ್ಚಿ, ಅದರ ‘ಪ್ರೊಫೈಲ್’ ಕಡತಕೋಶವನ್ನು ಪೆನ್ ಡ್ರೈವಿಗೆ ಪ್ರತಿ ಮಾಡಬೇಕು. ಇದರ ಜಾಗವು ಸಹಾಯದ ಪಟ್ಟಿಯಲ್ಲಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಎಂಬಲ್ಲಿ ತಿಳಿಯುತ್ತದೆ. ಈ ಪೆನ್ ಡ್ರೈವನ್ನು ಯಂತ್ರದ ಪಕ್ಕದಲ್ಲಿಡದೆ ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿಡುವುದು ಕ್ಷೇಮ. ಶಿವಮೊಗ್ಗದ ಅಂಗಡಿಯವರಿಂದ ಕೆಲಸ ಮಾಡಿಸುವವರು ಗುಪ್ತಪದವನ್ನು ತಾವೇ ಒತ್ತತಕ್ಕದ್ದು. ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದರೆ ಮನೆಗೆ ಬಂದೊಡನೆ ಬದಲಾಯಿಸಬೇಕು.